ಕೋಣೆಯಲ್ಲಿ ಕೂತ ಮಾತ್ರಕ್ಕೆ ಸರಿಯಾದ ತೋಟಾ ಅಲ್ಲ

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು ಪೂಜಿಸುತ್ತಾರೆ. ಅದರೊಳಗೆ ಹಾಕುವ ತೋಟಾಕ್ಕೂ ಅಷ್ಟೇ ಕಾಳಜಿ ಬೇಕು. ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವ .22 ರೈಫಲ್ ಸುತ್ತ ಕೆಲವು ತಪ್ಪು ನಂಬಿಕೆಗಳು ಬೇರೂರಿವೆ.

‘.22 ಅಂದರೆ ಎಲ್ಲ ಒಂದೇ.’ ಖಂಡಿತ ಅಲ್ಲ. ಶಾರ್ಟ್, ಲಾಂಗ್ ರೈಫಲ್, ಮ್ಯಾಗ್ನಂ ಮೂರೂ .22 ಹೆಸರಿನವೇ. ಲಾಂಗ್ ರೈಫಲ್ ತೋಟಾದ ಹಿತ್ತಾಳೆ ಕವಚದ ವ್ಯಾಸ ಸುಮಾರು 5.7 ಮಿ.ಮೀ., ಮ್ಯಾಗ್ನಂನದು ಸುಮಾರು 6.1 ಮಿ.ಮೀ. ಹಾಗಾಗಿ ಮ್ಯಾಗ್ನಂ ರೈಫಲ್‌ಗೆ ಲಾಂಗ್ ರೈಫಲ್ ತೋಟಾ ಹಾಕಿದರೆ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ಸುತ್ತ ಆಸರೆಯಿಲ್ಲದ ತೆಳು ಹಿತ್ತಾಳೆ ಹೊಡೆತಕ್ಕೆ ಸೀಳಿಹೋಗಿ, ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೇ ನುಗ್ಗಬಹುದು. ಶಾರ್ಟ್ ತೋಟಾವನ್ನು ಲಾಂಗ್ ರೈಫಲ್ ಕೋವಿಯಲ್ಲಿ ಹೊಡೆದರೆ ಅಷ್ಟು ಅಪಾಯವಿಲ್ಲ, ಆದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಕೋಣೆಯ ಮುಂಭಾಗದಲ್ಲಿ ಮಸಿ ಕಟ್ಟಿ, ಆಮೇಲೆ ಉದ್ದದ ತೋಟಾ ಸಿಕ್ಕಿಕೊಳ್ಳುತ್ತದೆ. ನಳಿಗೆಯ ಮೇಲೆ ಕೆತ್ತಿರುವ ಹೆಸರೂ ಪೆಟ್ಟಿಗೆಯ ಮೇಲಿನ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಕೆತ್ತನೆ ಅಳಿಸಿಹೋಗಿದ್ದರೆ ಬಂದೂಕು ರಿಪೇರಿ ಬಲ್ಲವರಿಗೆ ತೋರಿಸುವವರೆಗೆ ಹೊಡೆಯಲೇಬೇಡಿ.

‘ತೇವ ಹಿಡಿದದ್ದನ್ನು ಒಣಗಿಸಿದರೆ ಆಯಿತು.’ ಕೊಡಗಿನ ಮಳೆಗೆ ಏನು ತಾನೆ ತೇವ ಹಿಡಿಯುವುದಿಲ್ಲ! ಆದರೆ .22 ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ಇರುವುದು ಬುಡದ ಅಂಚಿನ ಒಳಮಡಿಕೆಯಲ್ಲಿ. ಒಮ್ಮೆ ಅದು ಕೆಟ್ಟರೆ ಹೊರಮೈ ಒಣಗಿದರೂ ನಂಬುವಂತಿಲ್ಲ. ಒಲೆಯ ಬಳಿ ಇಡುವುದಂತೂ ಬೆಂಕಿಯೊಡನೆ ಸರಸ. ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ಕೂಡಲೇ ಬೋಲ್ಟ್ ಎಳೆಯಬಾರದು. ಗುರಿಯ ದಿಕ್ಕಿಗೇ ನಳಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ‘ಪುಸ್’ ಎಂದು ಸಣ್ಣ ಸದ್ದಾದರೆ ಅದು ಇನ್ನೂ ಕೆಟ್ಟದ್ದು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಕೋವಿ ಖಾಲಿ ಮಾಡಿ, ಬೋಲ್ಟ್ ಕಳಚಿ, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಬೇಕು.

‘ಚಿಕ್ಕ ಗುಂಡು, ದೂರ ಹೋಗುವುದಿಲ್ಲ.’ ಬರೀ 2.6 ಗ್ರಾಂ ತೂಗುವ ಆ ಸೀಸದ ತುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಮರದ ತುದಿಗೆ ಕಟ್ಟಿದ ಕಾಯಿಗೆ ಮೇಲ್ಮುಖವಾಗಿ ಹೊಡೆದಾಗ ತಪ್ಪಿದ ಗುಂಡು ತೋಟದಾಚೆಯ ಲೈನ್‌ಮನೆಯ ಅಂಗಳದಲ್ಲೂ ಬೀಳಬಹುದು. ಕಾಯಿಯ ಹಿಂದೆ ಮಣ್ಣಿನ ಬರೆ ಇರುವ ಜಾಗವನ್ನೇ ಆಯೋಜಕರು ಆರಿಸಬೇಕು.

ಇನ್ನು ಗುರಿಯ ಮಾತು. ‘ವೇಗ ಹೆಚ್ಚಿದಷ್ಟೂ ಗುರಿ ನೇರ’ ಎನ್ನುವವರು ಬಹಳ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹೈ ವೆಲಾಸಿಟಿ ತೋಟಾದ ಗುಂಡು ಅದನ್ನು ಮೀರಿ ಹೊರಟು, ದಾರಿಯಲ್ಲೇ ವೇಗ ಕಳೆದುಕೊಂಡು ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಆ ಹಂತದಲ್ಲಿ ಗಾಳಿಯ ಒತ್ತಡ ಏರುಪೇರಾಗಿ ಗುಂಡು ಅಲುಗುತ್ತದೆ. ಅದಕ್ಕೇ 50 ಮೀಟರ್ ಸ್ಪರ್ಧೆಯ ಶೂಟರ್‌ಗಳು ಸುಮಾರು 325 ಮೀಟರ್ ವೇಗದ ತೋಟಾಗಳನ್ನು ನೆಚ್ಚುತ್ತಾರೆ. ಅವರ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿ.ಮೀ.

ಹಾಗೆಂದು ದುಬಾರಿ ಪೆಟ್ಟಿಗೆಯೇ ನಿಮ್ಮ ಕೋವಿಗೂ ಒಗ್ಗುತ್ತದೆ ಎನ್ನಲಾಗದು. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಬೇರೆ ಬೇರೆ ತೋಟಾ ಹಿಡಿಸುವುದುಂಟು. ನಿಮ್ಮ ರೈಫಲ್‌ಗೆ ಹೊಂದುವ ಮೂರು ನಾಲ್ಕು ಬ್ರ್ಯಾಂಡ್ ತಂದು, ಕೋವಿಗೆ ಮರಳುಚೀಲದ ಆಸರೆ ಕೊಟ್ಟು, ಪ್ರತಿಯೊಂದರಿಂದ ಐದೈದು ಗುಂಡುಗಳನ್ನು ಹಲವು ಸಲ ಕಾಗದದ ಮೇಲೆ ಹೊಡೆದು ನೋಡಿ. ಬ್ರ್ಯಾಂಡ್ ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆಯಲ್ಲಿ ಹಳೆಯದರ ಮೇಣ ಉಳಿದಿರುತ್ತದೆ. ರಂಧ್ರಗಳು ಯಾವುದರಲ್ಲಿ ಒತ್ತೊತ್ತಾಗಿ ಬೀಳುತ್ತವೋ ಅದೇ ಆ ಕೋವಿಯ ತೋಟಾ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸಾಧ್ಯವಾದರೆ ಸ್ಪರ್ಧೆಗೆ ಬೇಕಾದಷ್ಟನ್ನು ಅದೇ ಲಾಟ್‌ನಿಂದ ಕೊಳ್ಳಿ. ಲಾಟ್ ಬದಲಾದರೆ ಗುರಿಯನ್ನು ಮತ್ತೆ ಸರಿಹೊಂದಿಸಿಕೊಳ್ಳಬೇಕಾಗುತ್ತದೆ.