ನಾಯಿಮರಿಗೆ ಏನನ್ನು ಉಣಿಸಬೇಕು?

ಮನೆಗೆ ನಾಯಿಮರಿಯೊಂದು ಬಂದ ದಿನ ಅದಕ್ಕೊಂದು ಹೆಸರು, ಮಲಗಲು ಗೋಣಿತಟ್ಟು, ಕುಡಿಯಲು ಒಂದು ಬಟ್ಟಲು ಹಾಲು, ಇಷ್ಟು ಒದಗಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಮರುದಿನದಿಂದ ಹಾಲು ಕಲಸಿದ ಅನ್ನವೇ ಅದರ ನಿತ್ಯಾಹಾರವಾಗುತ್ತದೆ. ಮರಿಯಾದರೋ ಬಾಲವಲ್ಲಾಡಿಸುತ್ತ ಬಟ್ಟಲನ್ನು ನೆಕ್ಕಿ ಬರಿದು ಮಾಡುತ್ತದೆ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈ ಬೆಳೆಯುವುದು ಬೇರೆ. ಈ ಭೇದವನ್ನು ವಿಜ್ಞಾನಿಗಳಿಗೆ ಮನಗಾಣಿಸಿದವರಲ್ಲಿ ನಾಯಿಮರಿಗಳೂ ಸೇರಿವೆ ಎಂಬುದು ಸ್ವಾರಸ್ಯದ ಸಂಗತಿ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬ್ರಿಟನ್ನಿನ ಕೈಗಾರಿಕಾ ನಗರಗಳ ಬಡಮಕ್ಕಳಲ್ಲಿ ರಿಕೆಟ್ಸ್ ಎಂಬ ರೋಗವು ವ್ಯಾಪಕವಾಗಿತ್ತು. ಮೂಳೆಗಳು ಗಡುಸಾಗದೆ, ದೇಹದ ಭಾರವನ್ನು ತಾಳಲಾರದೆ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ಇದರ ಕಾರಣದ ವಿಷಯದಲ್ಲಿ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ಎಂಬ ವಿಜ್ಞಾನಿಯು ನಾಯಿಮರಿಗಳನ್ನು ಕಟ್ಟಡದೊಳಗೇ ಇರಿಸಿ, ಧಾನ್ಯದ ಆಹಾರವನ್ನೂ ಅಲ್ಪಸ್ವಲ್ಪ ಹಾಲನ್ನೂ ಕೊಟ್ಟು ಸಾಕಿದನು. ಮರಿಗಳು ರಿಕೆಟ್ಸಿಗೆ ತುತ್ತಾದವು. ಅದೇ ಆಹಾರಕ್ಕೆ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಬೆರೆಸಿದಾಗ ಅವುಗಳಿಗೆ ರೋಗ ತಟ್ಟಲಿಲ್ಲ. ಈ ಫಲಿತಾಂಶವನ್ನು ಆತ 1919ರಲ್ಲಿ ವಿವರವಾಗಿ ಪ್ರಕಟಿಸಿದನು. ಎಣ್ಣೆಯಲ್ಲಿರುವ ‘ಎ’ ಜೀವಸತ್ವವೇ ರೋಗವನ್ನು ತಡೆಯಿತೆಂದು ಅವನ ಊಹೆ. ಆದರೆ 1922ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಅವನ ಸಂಗಡಿಗರು ಆ ಎಣ್ಣೆಯನ್ನು ಕಾಯಿಸಿ, ಅದರ ಮೂಲಕ ಗಾಳಿಯನ್ನು ಹಾಯಿಸಿ ‘ಎ’ ಜೀವಸತ್ವವನ್ನು ನಾಶಪಡಿಸಿದರೂ ಅದರ ರೋಗಹರ ಗುಣ ಉಳಿದೇ ಇತ್ತು. ಹೀಗೆ ಬೆಳಕಿಗೆ ಬಂದ ಹೊಸ ವಸ್ತುವೇ ‘ಡಿ’ ಜೀವಸತ್ವ.

ಕರುಳಿನಿಂದ ಕ್ಯಾಲ್ಸಿಯಮ್ಮನ್ನೂ ರಂಜಕವನ್ನೂ ರಕ್ತಕ್ಕೆ ಸೆಳೆದುಕೊಳ್ಳಲು ಈ ಜೀವಸತ್ವವು ನೆರವಾಗುತ್ತದೆ. ಮನುಷ್ಯನ ಚರ್ಮವು ಬಿಸಿಲಿನ ಸಹಾಯದಿಂದ ಇದನ್ನು ತಾನೇ ತಯಾರಿಸಬಲ್ಲದು. ನಾಯಿಯ ಚರ್ಮಕ್ಕೆ ಆ ಸಾಮರ್ಥ್ಯ ತೀರ ಕಡಿಮೆ. ಆದುದರಿಂದ ಮರಿಯನ್ನು ದಿನವಿಡೀ ಅಂಗಳದ ಬಿಸಿಲಿನಲ್ಲಿ ಆಡಲು ಬಿಟ್ಟರೂ ಆಹಾರದಲ್ಲಿನ ಕೊರತೆ ನೀಗುವುದಿಲ್ಲ. ಮೀನು, ಮೊಟ್ಟೆಯ ಹಳದಿಭಾಗ, ಯಕೃತ್ತು ಮೊದಲಾದವುಗಳಿಂದಲೇ ಅದು ದೊರೆಯಬೇಕು.

ಹಾಗಾದರೆ ಹಾಲು ಪುಷ್ಟಿಕರವಲ್ಲವೆ? ತಾಯಿನಾಯಿಯ ಹಾಲಿನಲ್ಲಿ ಶೇಕಡಾ 7ರಿಂದ 8ರಷ್ಟು ಪ್ರೋಟೀನೂ ಸುಮಾರು 9ರಷ್ಟು ಕೊಬ್ಬೂ ಇರುತ್ತವೆ. ಹಸುವಿನ ಹಾಲಿನಲ್ಲಿ ಇವು ಅದರ ಅರ್ಧಕ್ಕಿಂತಲೂ ಕಡಿಮೆ. ಹಾಲಿನ ಸಕ್ಕರೆ ಮಾತ್ರ ಹೆಚ್ಚು. ಈ ಸಕ್ಕರೆ ಜೀರ್ಣವಾಗದೆ ಹಲವು ಮರಿಗಳಿಗೆ ಭೇದಿಯಾಗುವುದುಂಟು. ಇನ್ನು ಅನ್ನವು ನಾಯಿಗೆ ವಿಷವೇನೂ ಅಲ್ಲ. ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಾಗಿವೆಯೆಂದು 2013ರ ಸಂಶೋಧನೆಯೊಂದು ತೋರಿಸಿದೆ. ಆದರೆ ಅನ್ನವು ಶಕ್ತಿಯನ್ನು ಕೊಟ್ಟೀತೇ ಹೊರತು ಮೂಳೆಯನ್ನು ಕಟ್ಟಲಾರದು.

ಬರಿಯ ಮಾಂಸವನ್ನು ಕೊಡುವುದೂ ತಪ್ಪೇ. ಮರಿಯ ಆಹಾರದಲ್ಲಿ ಕ್ಯಾಲ್ಸಿಯಮ್ಮು ರಂಜಕದಷ್ಟಾದರೂ, ಅಥವಾ ಅದಕ್ಕಿಂತ ತುಸು ಹೆಚ್ಚಾಗಿ ಇರಬೇಕು. ಮೂಳೆಯಿಲ್ಲದ ಮಾಂಸದಲ್ಲಾದರೋ ರಂಜಕವು ಕ್ಯಾಲ್ಸಿಯಮ್ಮಿನ ಹತ್ತು ಪಟ್ಟಿಗೂ ಮಿಗಿಲು. ಆಗ ರಕ್ತದ ಕೊರತೆಯನ್ನು ತುಂಬಲು ದೇಹವು ತನ್ನ ಮೂಳೆಗಳನ್ನೇ ಕರಗಿಸಿಕೊಳ್ಳುತ್ತದೆ, ಮರಿ ಕುಂಟತೊಡಗುತ್ತದೆ.

ಇದನ್ನೋದಿದ ಕೂಡಲೆ ಔಷಧದಂಗಡಿಗೆ ಓಡಿ ಕ್ಯಾಲ್ಸಿಯಂ ಪುಡಿಯನ್ನು ತಂದು ಸುರಿಯಬೇಡಿರಿ! ಬೆಳೆದ ನಾಯಿಯ ಕರುಳು ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಬಹುಮಟ್ಟಿಗೆ ಹೊರಗೇ ಬಿಡುತ್ತದೆ. ಮೊದಲ ಕೆಲವು ತಿಂಗಳುಗಳಲ್ಲಿ ಮರಿಗೆ ಆ ಹತೋಟಿ ಸಾಲದು. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಅತಿಯಾದ ಕ್ಯಾಲ್ಸಿಯಂ ತಿಂದ ಮರಿಗಳ ಮೂಳೆಗಳ ಬೆಳವಣಿಗೆ ಕೆಟ್ಟಿತು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ದೊಡ್ಡ ತಳಿಗಳ ಮರಿಗಳಲ್ಲಿ ಈ ಅಪಾಯ ಹೆಚ್ಚು.

ಹಾಗಾದರೆ ಮಾಡಬೇಕಾದುದೇನು? ಮರಿಯು ಮೂರು ನಾಲ್ಕನೆಯ ವಾರದಲ್ಲಿ ಮೆತ್ತನೆಯ ಆಹಾರವನ್ನು ನೆಕ್ಕತೊಡಗಿ, ಎಂಟನೆಯ ವಾರದ ವೇಳೆಗೆ ತಾಯಿಯ ಹಾಲನ್ನು ಬಿಡುತ್ತದೆ. ಆ ಮೇಲೆ ಬೆಳೆಯುವ ಮರಿಗಳಿಗೆಂದೇ ತಯಾರಿಸಿದ ಸಂಪೂರ್ಣ ಆಹಾರವನ್ನು ಕೊಡುವುದು ಸುಲಭವಾದ ಮಾರ್ಗ. ಮನೆಯಡಿಗೆಯನ್ನೇ ಕೊಡುವುದಾದರೆ ಪಶುವೈದ್ಯರಿಂದ ಅಳತೆಯನ್ನು ಕೇಳಿ ತಿಳಿಯಬೇಕು. ಮೊದಮೊದಲು ದಿನಕ್ಕೆ ನಾಲ್ಕು ಸಲ, ಮೂರು ತಿಂಗಳಾದ ಮೇಲೆ ಮೂರು ಸಲ, ಆರು ತಿಂಗಳ ಬಳಿಕ ಎರಡು ಸಲ ಉಣಿಸಿದರೆ ಸಾಕು. ಆಹಾರವನ್ನು ಬದಲಿಸುವುದಾದರೆ ಹಳೆಯದರೊಡನೆ ಹೊಸದನ್ನು ಬೆರೆಸುತ್ತ ಒಂದು ವಾರದಲ್ಲಿ ಬದಲಿಸಬೇಕು. ಶುದ್ಧವಾದ ನೀರು ಸದಾ ಹತ್ತಿರವಿರಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷ. ಬೇಯಿಸಿದ ಮೂಳೆಯು ಚೂಪಾಗಿ ಸೀಳಿ ಕರುಳನ್ನು ಚುಚ್ಚಬಹುದು.

ಮೆಲನ್‌ಬಿಯ ಮರಿಗಳ ಕಾಲುಗಳು ಸೊಟ್ಟಗಾದುದರಿಂದ ಅಸಂಖ್ಯ ಮಕ್ಕಳ ಕಾಲುಗಳು ನೆಟ್ಟಗಾದವು. ಆ ಜ್ಞಾನವನ್ನು ನಮ್ಮ ಮನೆಯ ಮರಿಯ ಬಟ್ಟಲಿಗೆ ಹಿಂದಿರುಗಿಸುವುದು ಆ ಋಣದ ಒಂದಂಶವನ್ನು ತೀರಿಸಿದಂತೆಯೇ ಸರಿ.