ನಿದ್ರಾನಾಶವೂ ಅದರ ಪರಿಹಾರವೂ

ಶನಿಮಹಾತ್ಮನ ದೇವಾಲಯದಿಂದ ಹೆಸರಾದ ಮಧುರೆಯು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯು. ಹಿಂದೆ ಈ ಸೀಮೆಯಲ್ಲಿ ರಾತ್ರಿಯೆಂದರೆ ದೀಪವಾರಿಸಿ ಮಲಗುವ ಹೊತ್ತು. ಈಗಲಾದರೋ ದೊಡ್ಡಬಳ್ಳಾಪುರದ ವಿದ್ಯುನ್ಮಗ್ಗಗಳ ಸದ್ದು ಇರುಳಿನಲ್ಲಿಯೂ ಅಡಗುವುದಿಲ್ಲ. ಸುತ್ತಣ ಕಾರ್ಖಾನೆಗಳಲ್ಲಿ ರಾತ್ರಿಪಾಳಿಯುಂಟು. 2008ನೆಯ ಇಸವಿ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನನಿಲ್ದಾಣಕ್ಕೆ ಹಗಲಿರುಳೆಂಬ ಭೇದವೇ ಇಲ್ಲ. ಹೀಗಿರುವಲ್ಲಿ ಜನರ ನಿದ್ರೆ ಕೆಟ್ಟರೆ ಆಶ್ಚರ್ಯವೇನು? ನಿದ್ರೆ ಬಾರದವನು ಗ್ರಹಚಾರವನ್ನು ಹಳಿಯುವುದೂ ಔಷಧದಂಗಡಿಗೆ ಧಾವಿಸುವುದೂ ಉಂಟು. ಎರಡಕ್ಕೂ ಮೊದಲು ತಿಳಿಯತಕ್ಕ ಕೆಲವು ಸಂಗತಿಗಳಿವೆ.

ಒಂದೆರಡು ರಾತ್ರಿ ನಿದ್ರೆ ತಪ್ಪುವುದು ವ್ಯಾಧಿಯಲ್ಲ. ಮಲಗಲು ಅವಕಾಶವಿದ್ದೂ ವಾರಕ್ಕೆ 3 ರಾತ್ರಿಗಳಿಗೆ ಕಡಿಮೆಯಿಲ್ಲದಂತೆ 3 ತಿಂಗಳವರೆಗೆ ನಿದ್ರೆ ಕೆಟ್ಟು, ಅದರಿಂದ ಹಗಲಿನ ಕೆಲಸವೂ ಕೆಟ್ಟರೆ, ಅದನ್ನು ದೀರ್ಘಕಾಲದ ನಿದ್ರಾನಾಶವೆಂದು ವೈದ್ಯರು ಗಣಿಸುತ್ತಾರೆ. ನಿದ್ರೆಯನ್ನು ತರುವ ಶಕ್ತಿಗಳು ಎರಡು. ಎಚ್ಚರವಾಗಿದ್ದಷ್ಟೂ ಹೆಚ್ಚುತ್ತ ಹೋಗುವ ನಿದ್ರೆಯ ಒತ್ತಡವು ಒಂದು. ಬೆಳಕು ಕತ್ತಲೆಗಳನ್ನು ಅನುಸರಿಸಿ ನಡೆಯುವ ದೇಹದ ಗಡಿಯಾರವು ಇನ್ನೊಂದು. ಈ ಗಡಿಯಾರದ ಸೂಕ್ಷ್ಮರಚನೆಯನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಸಂಜೆ ಕುಡಿದ ಕಾಫಿಯು ಮೊದಲನೆಯ ಶಕ್ತಿಯನ್ನು ಮರೆಮಾಡುತ್ತದೆ. ಮಲಗುವ ಹೊತ್ತಿನಲ್ಲಿ ಕಣ್ಣಿಗೆ ಬಿದ್ದ ತೀಕ್ಷ್ಣವಾದ ಬೆಳಕು ಎರಡನೆಯದನ್ನು ತಡಮಾಡುತ್ತದೆ.

ನಮ್ಮ ಪ್ರಾಚೀನರು ಈ ವಿಷಯವನ್ನು ಅಲಕ್ಷಿಸಿದವರಲ್ಲ. ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನೂ ದೇಹದ ಉಪಸ್ತಂಭಗಳೆಂದು ಕರೆದಿದೆ. ನಿದ್ರೆ ಕೆಟ್ಟವನಿಗೆ ಅದು ವಿಧಿಸುವುದೇನು? ಅಭ್ಯಂಗ, ಸ್ನಾನ, ಹಾಲು, ತುಪ್ಪ, ಅಕ್ಕಿಯ ಅನ್ನ, ಹಿತವಾದ ಪರಿಮಳ, ಇಂಪಾದ ಧ್ವನಿ, ಸುಖಕರವಾದ ಹಾಸಿಗೆ, ಮನಸ್ಸಿನ ನೆಮ್ಮದಿ ಇವೇ ಮುಖ್ಯವಾದವುಗಳು. ಅಭ್ಯಾಸವಿಲ್ಲದೆ ರಾತ್ರಿ ಜಾಗರಣೆ ಮಾಡಿದವನು, ಜಾಗರಣೆಯ ಅರ್ಧದಷ್ಟು ಕಾಲ ಬೆಳಗ್ಗೆ ಊಟಕ್ಕೆ ಮೊದಲೇ ಮಲಗಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ಹೇಳುತ್ತದೆ. ರಾತ್ರಿಪಾಳಿಯ ನೌಕರನಿಗೆ ಈ ಮಾತು ಇಂದಿಗೂ ವಿಚಾರಾರ್ಹವು.

ಆಧುನಿಕ ವೈದ್ಯದ ಮಾತೂ ಇದಕ್ಕೆ ದೂರವಲ್ಲ. ದೀರ್ಘಕಾಲದ ನಿದ್ರಾನಾಶಕ್ಕೆ ಪ್ರಥಮ ಚಿಕಿತ್ಸೆಯು ಮಾತ್ರೆಯಲ್ಲ, ಆಲೋಚನೆಗಳನ್ನೂ ಅಭ್ಯಾಸಗಳನ್ನೂ ತಿದ್ದುವ ಕ್ರಮವೇ ಎಂದು ಅಮೆರಿಕದ ವೈದ್ಯರ ಮಹಾಸಂಸ್ಥೆಯೊಂದು 2016ರಲ್ಲಿ ಶಿಫಾರಸು ಮಾಡಿತು. ಪ್ರತಿದಿನವೂ ಒಂದೇ ಹೊತ್ತಿಗೆ ಏಳತಕ್ಕದ್ದು. ತೂಕಡಿಕೆ ಬಂದಲ್ಲದೆ ಹಾಸಿಗೆಗೆ ಹೋಗಕೂಡದು. ಸುಮಾರು 20 ನಿಮಿಷಗಳಾದರೂ ನಿದ್ರೆ ಬಾರದಿದ್ದರೆ ಎದ್ದು ಕುಳಿತು, ನಿದ್ರೆ ಬಂದಾಗ ಮರಳಿ ಮಲಗತಕ್ಕದ್ದು. ಲೆಕ್ಕಪತ್ರವನ್ನೂ ಮೊಬೈಲನ್ನೂ ಹಾಸಿಗೆಗೆ ಒಯ್ಯಕೂಡದು. 'ಇಂದು ನಿದ್ರೆ ಬಾರದು' ಎಂಬ ಭಯವೇ ನಿದ್ರೆಯ ಶತ್ರುವೆಂಬುದನ್ನು ರೋಗಿಗೆ ಮನಗಾಣಿಸುವುದೂ ಈ ಚಿಕಿತ್ಸೆಯ ಅಂಗವು.

ಔಷಧಗಳ ವಿಷಯದಲ್ಲಿ ಎರಡು ಪದ್ಧತಿಗಳವರಿಗೂ ಎಚ್ಚರಿಕೆಯು ಅವಶ್ಯಕವು. ಡಯಾಜೆಪಾಮ್, ಆಲ್ಪ್ರಜೋಲಾಮ್ ಮುಂತಾದ ಮಾತ್ರೆಗಳು ಕೆಲವೇ ವಾರಗಳಲ್ಲಿ ಚಟವಾಗಬಲ್ಲವು. ಬಹುದಿನ ಸೇವಿಸಿದವರು ವೈದ್ಯರನ್ನು ಕೇಳದೆ ಥಟ್ಟನೆ ಬಿಡುವುದೂ ಅಪಾಯಕರವು. ಮದ್ಯವು ಮೊದಲು ಮಂಪರು ತಂದು, ನಡುರಾತ್ರಿಯ ನಂತರದ ನಿದ್ರೆಯನ್ನು ಕೆಡಿಸುತ್ತದೆ. ನಾಟಿಮದ್ದೆಲ್ಲ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಸರ್ಪಗಂಧದ ಬೇರಿನ ಶಕ್ತಿಯನ್ನು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ವೈದ್ಯಲೋಕಕ್ಕೆ ತಿಳಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಲಾಯಿತು. ಅದು ರಕ್ತದೊತ್ತಡವನ್ನು ಇಳಿಸುವುದಲ್ಲದೆ, ಮನಸ್ಸನ್ನು ಕುಗ್ಗಿಸಬಹುದೆಂದೂ ತರುವಾಯ ಎಚ್ಚರಿಸಲಾಯಿತು. ಗೊರಕೆಯ ನಡುವೆ ಉಸಿರು ಕಟ್ಟುವವರೂ ಮನೋವ್ಯಥೆಯುಳ್ಳವರೂ ಸ್ವಯಂವೈದ್ಯವನ್ನು ಬಿಟ್ಟು ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರಾರೋಗಗಳ ಚಿಕಿತ್ಸೆಯೂ, ಆಯುರ್ವೇದ ಯೋಗಗಳನ್ನು ಒಳಗೊಂಡ ಸಮನ್ವಯ ವೈದ್ಯವಿಭಾಗವೂ ಇವೆ.

ಇಷ್ಟೂ ಸರಿಯೇ. ಆದರೆ ಹೊತ್ತಿಗೆ ಸರಿಯಾಗಿ ಮಲಗೆಂದು ಯಾರಿಗೆ ಹೇಳೋಣ? ಈ ವಾರ ಹಗಲು, ಮುಂದಿನ ವಾರ ಇರುಳು ದುಡಿಯುವವನಿಗೆ ಹೊತ್ತೆಂಬುದು ಅವನ ಕೈಯಲ್ಲಿಲ್ಲ. 2023ರಲ್ಲಿ ನಮ್ಮ ಶಾಸನಸಭೆಯು ಕಾರ್ಖಾನೆಗಳ ಶಾಸನವನ್ನು ತಿದ್ದಿ, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಎಡೆಮಾಡಿಕೊಟ್ಟಿತು. ಗಂಟೆಗಳನ್ನು ಎಣಿಸುವ ಅಧಿಕಾರಿಗಳು ನಿದ್ರೆಯನ್ನೂ ಎಣಿಸುವುದು ನ್ಯಾಯವಲ್ಲವೆ? ಪಾಳಿಯನ್ನು ಬದಲಿಸಲೇಬೇಕಾದರೆ ಬೆಳಗ್ಗೆ, ಸಂಜೆ, ರಾತ್ರಿ ಎಂಬ ಮುಂದುವರಿಕೆಯ ಕ್ರಮದಲ್ಲಿ ಬದಲಿಸುವುದು ದೇಹಕ್ಕೆ ಸುಲಭವು. ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಬಿಡುವು ಇರತಕ್ಕದ್ದು. ಇದು ಯಜಮಾನರಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಅವರ ಕಾಲದ ಸಂತೆಯು ಸಂಜೆಗೆ ಮುಗಿಯುತ್ತಿತ್ತು. ಈಗಿನ ಸಂತೆಗೆ ಸಂಜೆಯೇ ಇಲ್ಲ. ಅದಕ್ಕೊಂದು ಸಂಜೆಯನ್ನು ಗೊತ್ತುಮಾಡುವುದು ವೈದ್ಯನೊಬ್ಬನಿಂದಾಗುವ ಕೆಲಸವಲ್ಲ. ಯಜಮಾನರೂ ಅಧಿಕಾರಿಗಳೂ ಇದರ ಹೊಣೆಯನ್ನು ಹೊರಬೇಕು.