ಅಂಡಾಶಯದ ಜೀವಕೋಶಗಳಲ್ಲಿ ಪ್ರೋಟೀನ್ ಮಾರ್ಪಾಡು ಮತ್ತು ನಿಯೋಜಿತ ಕೋಶಮರಣ

ಪೀಠಿಕೆ

ಸ್ತ್ರೀಯ ಅಂಡಾಣುಗಳ ಸಂಗ್ರಹವು ಆಕೆ ಹುಟ್ಟುವ ಮೊದಲೇ ನಿಗದಿಯಾಗಿರುತ್ತದೆ. ಭ್ರೂಣಾವಸ್ಥೆಯ ಐದನೆಯ ತಿಂಗಳ ಸುಮಾರಿಗೆ 60ರಿಂದ 70 ಲಕ್ಷದಷ್ಟಿರುವ ಅಂಡಜನಕ ಕೋಶಗಳು ಜನನದ ವೇಳೆಗೆ 10ರಿಂದ 20 ಲಕ್ಷಕ್ಕೂ, ಋತುಮತಿಯಾಗುವ ವೇಳೆಗೆ ಮೂರು-ನಾಲ್ಕು ಲಕ್ಷಕ್ಕೂ ಇಳಿಯುತ್ತವೆ. ಇವುಗಳಲ್ಲಿ ಪಕ್ವಗೊಂಡು ಅಂಡಾಶಯದಿಂದ ಹೊರಬರುವವು 400ರಿಂದ 500 ಮಾತ್ರ. ಉಳಿದವೆಲ್ಲವೂ ಅಂಡಾಶಯದೊಳಗೇ ಅಳಿಯುತ್ತವೆ. ಈ ಅಳಿವು ಬಹುಮಟ್ಟಿಗೆ ನಿಯಮಬದ್ಧವಾದ ಪ್ರಕ್ರಿಯೆ. ವಿಶ್ರಾಂತ ಸ್ಥಿತಿಯ ಅಂಡಾಣುವಿನ ಡಿಎನ್‌ಎಗೆ ಹಾನಿಯಾದಾಗ ಅದು ಉಳಿಯಬೇಕೆ, ಅಳಿಯಬೇಕೆ ಎಂಬುದು ಹೊಸ ಪ್ರೋಟೀನಿನ ತಯಾರಿಕೆಗಿಂತ ಮುಖ್ಯವಾಗಿ ಮೊದಲೇ ಸಿದ್ಧವಾಗಿರುವ ಒಂದು ಪ್ರೋಟೀನಿನ ಮಾರ್ಪಾಡಿನಿಂದ ತೀರ್ಮಾನವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಒಳಗಾಗುವ ಬಾಲಕಿಯರ ಹಾಗೂ ಯುವತಿಯರ ಸಂತಾನಶಕ್ತಿಯ ಪ್ರಶ್ನೆಯು ಇದರೊಡನೆ ನೇರವಾಗಿ ಹೆಣೆದುಕೊಂಡಿದೆ.

ಕೋಶಮರಣದ ಸ್ವರೂಪ

1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರ್ರಿ ಅವರು ಈ ಬಗೆಯ ಮರಣಕ್ಕೆ ‘ಅಪೊಪ್ಟೋಸಿಸ್’ ಎಂಬ ಹೆಸರನ್ನಿತ್ತರು. ಗ್ರೀಕ್ ಮೂಲದ ಈ ಪದವು ಗಿಡದಿಂದ ಎಲೆ ಉದುರುವುದನ್ನು ಸೂಚಿಸುತ್ತದೆ. ಸಾಯುವ ಕೋಶವು ಕುಗ್ಗುತ್ತದೆ. ಅದರ ಡಿಎನ್‌ಎ ತುಂಡಾಗುತ್ತದೆ. ಕೊನೆಗೆ ಪೊರೆಯಿಂದಾವೃತವಾದ ಚೂರುಗಳಾಗಿ ಒಡೆದು ನೆರೆಯ ಕೋಶಗಳಲ್ಲಿ ಲೀನವಾಗುತ್ತದೆ. ಬೆಳೆಯುತ್ತಿರುವ ಕೋಶಿಕೆಗಳಲ್ಲಿ ಅಂಡಾಣುವನ್ನು ಸುತ್ತುವರಿದ ಗ್ರಾನ್ಯುಲೋಸಾ ಕೋಶಗಳ ಮರಣದಿಂದ ಇಡೀ ಕೋಶಿಕೆಯು ಕ್ಷಯಿಸುತ್ತದೆ. ಆದರೆ ಆದಿಮ ಕೋಶಿಕೆಯ ಡಿಎನ್‌ಎಗೆ ಹಾನಿಯಾದಾಗ ಮರಣದ ನಿರ್ಧಾರವು ಅಂಡಾಣುವಿನೊಳಗೇ ಆಗುತ್ತದೆ.

ಫಾಸ್ಫೋರಿಲೀಕರಣ ಮತ್ತು ಪಿ63 ಪ್ರೋಟೀನು

ಪ್ರೋಟೀನು ತಯಾರಾದ ನಂತರವೂ ಅದಕ್ಕೆ ರಾಸಾಯನಿಕ ಗುಂಪುಗಳು ಸೇರಿ ಅದರ ಆಕಾರ ಮತ್ತು ಕಾರ್ಯ ಬದಲಾಗುವುದುಂಟು. ಕೈನೇಸ್ ಎಂಬ ಕಿಣ್ವಗಳು ಎಟಿಪಿಯಿಂದ ಫಾಸ್ಫೇಟ್ ಗುಂಪನ್ನು ತೆಗೆದು ಪ್ರೋಟೀನಿನ ನಿರ್ದಿಷ್ಟ ಅಮೈನೋ ಆಮ್ಲಕ್ಕೆ ಜೋಡಿಸುವುದೇ ಫಾಸ್ಫೋರಿಲೀಕರಣ. ಇದರ ನಿಯಂತ್ರಕ ಪಾತ್ರವನ್ನು ತೋರಿಸಿಕೊಟ್ಟ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು.

ಆದಿಮ ಕೋಶಿಕೆಯ ಅಂಡಾಣುವು ಮಿಯಾಸಿಸ್ ವಿಭಜನೆಯ ಮೊದಲ ಹಂತದಲ್ಲೇ ತಡೆಹಿಡಿದಂತೆ ದಶಕಗಳ ಕಾಲ ಇರಬಲ್ಲದು. ಈ ಅವಧಿಯಲ್ಲಿ ಅದರಲ್ಲಿ ಪಿ63 ಪ್ರೋಟೀನಿನ ಟಿಎ-ಆಲ್ಫಾ ರೂಪವು ಹೇರಳವಾಗಿರುತ್ತದೆ. ಪ್ರಸಿದ್ಧ ಗೆಡ್ಡೆನಿರೋಧಕ ಪ್ರೋಟೀನಾದ ಪಿ53ರ ಬಂಧುವಾದ ಇದು ಅಂಡಾಣುಗಳ ಡಿಎನ್‌ಎ ಶುದ್ಧತೆಯನ್ನು ಕಾಯುತ್ತದೆಂದು 2006ರಲ್ಲಿ ಇಲಿಗಳ ಅಧ್ಯಯನದಿಂದ ತಿಳಿದುಬಂದಿತು. 2011ರ ಸಂಶೋಧನೆಯು ಅದರ ಕಾರ್ಯವಿಧಾನವನ್ನು ಬಿಡಿಸಿಟ್ಟಿತು. ಆರೋಗ್ಯವಂತ ಅಂಡಾಣುವಿನಲ್ಲಿ ಎರಡು ಪಿ63 ಅಣುಗಳು ಜೋಡಿಯಾಗಿ, ತಮ್ಮದೇ ಪ್ರತಿಬಂಧಕ ಭಾಗದಿಂದ ಮುಚ್ಚಿಕೊಂಡು ನಿಷ್ಕ್ರಿಯವಾಗಿರುತ್ತವೆ. ಡಿಎನ್‌ಎಗೆ ಹಾನಿಯಾದಾಗ ಈ ಜೋಡಿಗಳು ತೆರೆದುಕೊಂಡು ನಾಲ್ಕು ಅಣುಗಳ ಸಕ್ರಿಯ ಕೂಟವಾಗುತ್ತವೆ. ಹೆದೆಯೇರಿಸಿಟ್ಟ ಬಿಲ್ಲಿನಿಂದ ಬಾಣ ಹೊರಟಂತೆ ಈ ಬದಲಾವಣೆಯು ಹಿಂದಿರುಗುವುದಿಲ್ಲ.

ಈ ಬದಲಾವಣೆಗೆ ಎರಡು ಕೈನೇಸ್‌ಗಳು ಬೇಕೆಂದು 2018ರಲ್ಲಿ ಸ್ಪಷ್ಟವಾಯಿತು. ಸಿಎಚ್‌ಕೆ-2 ಎಂಬುದು ಮೊದಲ ಫಾಸ್ಫೇಟನ್ನು ಜೋಡಿಸಿ ನೆಲೆಯನ್ನು ಸಿದ್ಧಗೊಳಿಸುತ್ತದೆ. ಸಿಕೆ-1 ಎಂಬುದು ಮುಂದಿನವನ್ನು ಒಂದರ ನಂತರ ಒಂದರಂತೆ ಸೇರಿಸುತ್ತದೆ. ಸಿಕೆ-1 ಜೋಡಿಸುವ ಮೊದಲೆರಡು ಫಾಸ್ಫೇಟುಗಳು ಶೀಘ್ರವಾಗಿಯೂ ನಿರ್ಣಾಯಕವಾದ ಮೂರನೆಯದು ನಿಧಾನವಾಗಿಯೂ ಸೇರುತ್ತವೆ. ಹೀಗೆ ಸಕ್ರಿಯಗೊಂಡ ಪಿ63, ಪ್ಯೂಮಾ ಮತ್ತು ನಾಕ್ಸಾ ಎಂಬ ವಂಶವಾಹಿಗಳನ್ನು ಪ್ರಚೋದಿಸುತ್ತದೆ. ಇವುಗಳ ಪ್ರೋಟೀನುಗಳ ಕ್ರಿಯೆಯಿಂದ ಮೈಟೊಕಾಂಡ್ರಿಯದ ಹೊರಪೊರೆಯು ಸೋರಿ ಸೈಟೊಕ್ರೋಮ್-ಸಿ ಹೊರಬರುತ್ತದೆ. ಕ್ಯಾಸ್ಪೇಸ್ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ.

ಚಿಕಿತ್ಸೆಯ ಸಂದರ್ಭ

ವಿಕಿರಣ, ಸಿಸ್‌ಪ್ಲಾಟಿನ್, ಡಾಕ್ಸೊರುಬಿಸಿನ್ ಮೊದಲಾದ ಚಿಕಿತ್ಸೆಗಳು ಕ್ಯಾನ್ಸರ್ ಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸುತ್ತವೆ. ಅದೇ ಘಾಸಿಯು ಅಂಡಾಣುವಿನಲ್ಲಿ ಪಿ63ರ ಬಾಣವನ್ನು ಬಿಡುತ್ತದೆ. ರೋಗದಿಂದ ಪಾರಾದ ಯುವತಿಯು ಅಕಾಲಿಕ ಋತುಬಂಧಕ್ಕೆ ಒಳಗಾಗುವುದಕ್ಕೆ ಇದೂ ಒಂದು ಕಾರಣ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಎಚ್‌ಕೆ-2 ಇಲ್ಲದ ಹೆಣ್ಣಿಲಿಗಳು ವಿಕಿರಣದ ನಂತರವೂ ಅಂಡಾಣುಗಳನ್ನು ಉಳಿಸಿಕೊಂಡು ಮರಿಗಳನ್ನು ಹೆತ್ತವು. ಮಾನವರಲ್ಲಿಯೂ ಈ ಮಾರ್ಗದ ಮಹತ್ವಕ್ಕೆ ಪುರಾವೆಯಿದೆ. ಸುಮಾರು ಎರಡು ಲಕ್ಷ ಸ್ತ್ರೀಯರನ್ನು ಕುರಿತ 2021ರ ಅಧ್ಯಯನದಲ್ಲಿ, ಸಿಎಚ್‌ಕೆ-2ರ ಒಂದು ಪ್ರತಿ ನಿಷ್ಕ್ರಿಯವಾಗಿದ್ದವರ ಋತುಬಂಧವು ಸರಾಸರಿ ಮೂರೂವರೆ ವರ್ಷ ತಡವಾಗಿತ್ತು. ಇದಕ್ಕೆ ಪ್ರತಿಯಾಗಿ, ಪಿ63ರ ಪ್ರತಿಬಂಧಕ ತುದಿಯನ್ನು ಕಳೆಯುವ ವಂಶವಾಹಿ ದೋಷವಿದ್ದಲ್ಲಿ ಹಾನಿಯಿಲ್ಲದೆಯೂ ಸಕ್ರಿಯ ಕೂಟವುಂಟಾಗಿ ಅಂಡಾಶಯವು ಅಕಾಲದಲ್ಲಿ ವಿಫಲವಾಗುತ್ತದೆ.

ಉಪಸಂಹಾರ

ಹಾಗಿದ್ದರೆ ಚಿಕಿತ್ಸೆಯ ಅವಧಿಯಲ್ಲಿ ಈ ಕೈನೇಸ್‌ಗಳನ್ನು ತಡೆದು ಅಂಡಾಣುಗಳನ್ನು ಉಳಿಸಬಹುದೆ? ಇಲಿಗಳ ಫಲಿತಾಂಶ ಆಶಾದಾಯಕವಾಗಿದೆ. ಆದರೆ ಸಿಎಚ್‌ಕೆ-2 ದೇಹದ ಇತರ ಕೋಶಗಳಲ್ಲಿ ಕ್ಯಾನ್ಸರನ್ನು ತಡೆಯುವ ಕಾವಲುಗಾರನೂ ಹೌದು; ಅದರ ವಂಶವಾಹಿ ದೋಷವುಳ್ಳವರಲ್ಲಿ ಸ್ತನ ಕ್ಯಾನ್ಸರಿನ ಸಂಭವ ಹೆಚ್ಚು. ಮೇಲಾಗಿ, ಉಳಿಸಿಕೊಂಡ ಅಂಡಾಣುವಿನ ಡಿಎನ್‌ಎ ಸರಿಯಾಗಿ ದುರಸ್ತಿಯಾಗದಿದ್ದರೆ ದೋಷವು ಮುಂದಿನ ಪೀಳಿಗೆಗೆ ಸಾಗಬಹುದು. ಆದುದರಿಂದ ಅಂಡಾಣುವಿನ ಮರಣವನ್ನು ಕೇವಲ ನಷ್ಟವೆಂದು ಎಣಿಸಲಾಗದು. ಅದು ಸಂತತಿಯ ರಕ್ಷಣೆಯೂ ಹೌದು. ಎಷ್ಟು ಹಾನಿಯವರೆಗೆ ಅಂಡಾಣುವು ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲದು ಎಂಬುದನ್ನು ಅರಿತು, ಆ ಮಿತಿಯೊಳಗೆ ಮಾತ್ರ ಮರಣದ ಸಂಕೇತವನ್ನು ತಡೆಹಿಡಿಯುವ ಮಾರ್ಗವನ್ನು ಕಂಡುಕೊಳ್ಳುವುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಹೊಣೆ.